ಕರಾವಳಿಯ ಪಾಲಿಹೌಸ್ ಟೊಮೆಟೊ: ಕರೆಂಟ್ ಸೋರುವುದು ಎಲ್ಲಿ?

2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ನಮ್ಮ ಉತ್ತರ ಕನ್ನಡದ ಕಾರವಾರದಲ್ಲಿ ಭಾನುವಾರದ ಸಂತೆಗೆ ಟೊಮೆಟೊ ಬಹುಪಾಲು ಘಟ್ಟ ಇಳಿದೇ ಬರಬೇಕು. ಹಾಗಾಗಿ ‘ಇಲ್ಲೇ ಬೆಳೆದರೆ ಆಗಲ್ವಾ’ ಎಂಬ ಮಾತು ಪ್ರತಿ ಸಲ ದರ ಏರಿದಾಗಲೂ ಬರುತ್ತದೆ. ಅಡಿಕೆಗೆ ಎಲೆಚುಕ್ಕಿ ರೋಗ ಹತ್ತಿದ ಮೇಲಂತೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇನ್ನೊಂದು ಬೆಳೆ ಹುಡುಕುವವರು ಜಾಸ್ತಿಯಾಗಿದ್ದಾರೆ. ಅವರಲ್ಲಿ ಕೆಲವರ ಕಣ್ಣು ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸ್ ಮೇಲಿದೆ. ಅದರಲ್ಲೂ ಮಣ್ಣಿಲ್ಲದೆ ಬೆಳೆಯುವ ಹೈಡ್ರೋಪೋನಿಕ್ಸ್ ಮೇಲೆ.

ಮಣ್ಣು ಬಿಡಬೇಕು ಅನ್ನಿಸುವುದಕ್ಕೆ ಕಾರಣವೂ ಇದೆ. ನಮ್ಮ ಹುಳಿ ಮಣ್ಣಿನಲ್ಲಿ ಟೊಮೆಟೊಗೆ ಬ್ಯಾಕ್ಟೀರಿಯಾದ ಸೊರಗು ರೋಗ ಬಿಡುವುದಿಲ್ಲ. ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ಹಸಿರಾಗಿರುವಾಗಲೇ ಜೋತು ಬೀಳುತ್ತದೆ. ಅದರ ಕಾಂಡ ಕತ್ತರಿಸಿ ನೀರಿನ ಲೋಟದಲ್ಲಿ ಇಳಿಬಿಟ್ಟರೆ ಹಾಲಿನಂಥ ಎಳೆ ಮೆಲ್ಲಗೆ ಕೆಳಗಿಳಿಯುತ್ತದೆ. ಆ ಎಳೆ ಕಂಡರೆ ರೋಗ ಖಾತ್ರಿ. ಒಮ್ಮೆ ಬಂದ ಜಾಗದಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ.

ಹೈಡ್ರೋಪೋನಿಕ್ಸ್ ಮಾರುವವರು ನೀರು ಎಷ್ಟು ಉಳಿಯುತ್ತದೆ, ಇಳುವರಿ ಎಷ್ಟು ಬರುತ್ತದೆ ಎಂದು ಹೇಳುತ್ತಾರೆ. ಒಂದು ಕಿಲೋ ಟೊಮೆಟೊಗೆ ಎಷ್ಟು ಯೂನಿಟ್ ಕರೆಂಟ್ ಖರ್ಚಾಗುತ್ತದೆ ಎಂದು ಹೇಳುವವರು ಕಡಿಮೆ. ಆ ಖರ್ಚಿನ ದೊಡ್ಡ ಪಾಲು ಮೊದಲ ಸ್ವಿಚ್ ಒತ್ತುವ ಮೊದಲೇ ನಿರ್ಧಾರ ಆಗಿಬಿಡುತ್ತದೆ. ಯಾವ ತಿಂಗಳು ನಾಟಿ, ಯಾವ ದಿಕ್ಕಿಗೆ ಪಾಲಿಹೌಸ್, ಯಾವ ಬಗೆಯ ವ್ಯವಸ್ಥೆ ಎಂಬುದೇ ಬಿಲ್ ಬರೆಯುತ್ತದೆ. ಬೇರೆ ಹವೆಗೆ ಮಾಡಿದ ಮಾದರಿಯನ್ನು ಹಾಗೇ ತಂದು ಕುಮಟೆಯಲ್ಲೋ ಅಂಕೋಲೆಯಲ್ಲೋ ನಿಲ್ಲಿಸಿದರೆ, ಆಮೇಲೆ ಎಷ್ಟು ಸ್ವಿಚ್ ಆಫ್ ಮಾಡಿದರೂ ಉಳಿತಾಯ ಅಷ್ಟಕ್ಕಷ್ಟೇ.

ಹೈಡ್ರೋಪೋನಿಕ್ ಟೊಮೆಟೊ ಅಂದರೆ ಎಲ್ಲರೂ ಹಾಲೆಂಡಿನ ಕಡೆ ಕೈ ತೋರಿಸುತ್ತಾರೆ. ಅಲ್ಲಿನ ಗಾಜಿನ ಮನೆಗಳಲ್ಲಿ ಚದರ ಮೀಟರ್‌ಗೆ 60 ಕಿಲೋ, ಅದಕ್ಕಿಂತ ಜಾಸ್ತಿಯೂ ಬೆಳೆಯುತ್ತಾರೆ. ಆದರೆ ಅಲ್ಲಿನ ಶತ್ರು ಚಳಿ. ಅವರ ಇಂಧನ ಹೋಗುವುದು ಮನೆ ಬಿಸಿ ಮಾಡಲು. 2022ರಲ್ಲಿ ಯುರೋಪಿನಲ್ಲಿ ಗ್ಯಾಸ್ ದರ ಗಗನಕ್ಕೇರಿದಾಗ ಅಲ್ಲಿನ ಎಷ್ಟೋ ಬೆಳೆಗಾರರು ಚಳಿಗಾಲದ ನಾಟಿಯನ್ನೇ ಮುಂದೂಡಿದರು, ದೀಪ ಆರಿಸಿಟ್ಟರು. ರಾತ್ರಿ ಪರದೆ ಎಳೆದು ಬಿಸಿ ಹಿಡಿದಿಡುವುದು ಅವರ ಮುಖ್ಯ ಉಳಿತಾಯದ ದಾರಿ. ನಮ್ಮ ಕರಾವಳಿಯ ಶತ್ರು ಸೆಕೆ. ಬಿಸಿ ಮತ್ತು ತೇವ ಎರಡೂ ಸೇರಿದ್ದು. ಹಾಗಾಗಿ ಅವರ ಯಂತ್ರ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಅವರಿಂದ ಕಲಿಯಬೇಕಾದ ಒಂದು ಸಂಗತಿ ಮಾತ್ರ ಇದೆ. ಟೊಮೆಟೊ ಗಿಡ ಒಂದೊಂದು ಗಂಟೆಯ ಬಿಸಿಗಿಂತ ಇಡೀ ದಿನದ ಸರಾಸರಿ ಬಿಸಿಗೆ ಹೆಚ್ಚು ಸ್ಪಂದಿಸುತ್ತದೆ. ಮಧ್ಯಾಹ್ನ ಸ್ವಲ್ಪ ಏರಿ ರಾತ್ರಿ ಇಳಿದರೆ ಅದು ಸುಧಾರಿಸಿಕೊಳ್ಳುತ್ತದೆ. ಸುಮಾರು 32 ಡಿಗ್ರಿ ದಾಟಿದರೆ ಮಾತ್ರ ಪರಾಗ ಸೊರಗಿ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ರಾತ್ರಿಯೂ 24ರ ಮೇಲೇ ಉಳಿದರೆ ಹೂವು ಸುಮ್ನೆ ಉದುರುತ್ತದೆ. ಇಷ್ಟು ತಿಳಿದರೆ, ಥರ್ಮೋಸ್ಟಾಟನ್ನು 25ಕ್ಕೆ ಇಟ್ಟು ದಿನವಿಡೀ ಫ್ಯಾನ್ ಓಡಿಸುವ ಅಭ್ಯಾಸ ತಾನಾಗಿ ಬಿಡುತ್ತದೆ. ಚಳಿಗಾಲದಲ್ಲಿ 30ಕ್ಕೆ ಇಟ್ಟರೂ ನಡೆಯುತ್ತದೆ.

ಈಗ ಫ್ಯಾನ್ ಮತ್ತು ಪ್ಯಾಡ್ ವಿಷಯ. ಕರಾವಳಿಯಲ್ಲಿ ಹಣ ಮತ್ತು ಕರೆಂಟ್ ಎರಡೂ ಹೆಚ್ಚು ಹಾಳಾಗುವುದು ಇಲ್ಲೇ, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು. ಒಂದು ಗೋಡೆಗೆ ನೀರು ಹರಿಯುವ ರಟ್ಟಿನ ಪ್ಯಾಡ್, ಎದುರು ಗೋಡೆಗೆ ದೊಡ್ಡ ಫ್ಯಾನ್. ಫ್ಯಾನ್ ಎಳೆದ ಗಾಳಿ ಒದ್ದೆ ಪ್ಯಾಡ್ ಮೂಲಕ ಒಳಗೆ ಬರುತ್ತದೆ, ನೀರು ಆವಿಯಾಗುತ್ತದೆ, ಗಾಳಿ ತಣ್ಣಗಾಗುತ್ತದೆ. ಗಾಳಿ ಎಷ್ಟು ಒಣಗಿದೆಯೋ ಅಷ್ಟು ತಂಪು. 34 ಡಿಗ್ರಿ ಬಿಸಿ, ಶೇ 30 ತೇವಾಂಶ ಇರುವ ಬಯಲುಸೀಮೆಯ ಮಧ್ಯಾಹ್ನದಲ್ಲಿ ಒಳ್ಳೆಯ ಪ್ಯಾಡ್ ಹತ್ತು ಡಿಗ್ರಿಯಷ್ಟು ಇಳಿಸಿಕೊಡುತ್ತದೆ. 32 ಡಿಗ್ರಿ ಬಿಸಿ, ಶೇ 80 ತೇವಾಂಶ ಇರುವ ನಮ್ಮ ಗಾಳಿಯಲ್ಲಿ ಅದೇ ಪ್ಯಾಡ್ ಇಳಿಸುವುದು ಎರಡೂವರೆ ಡಿಗ್ರಿ. ಪ್ಯಾಡ್‌ನಲ್ಲಿ ದೋಷವಿಲ್ಲ. ಈಗಾಗಲೇ ನೀರು ತುಂಬಿಕೊಂಡ ಗಾಳಿ ಇನ್ನೆಷ್ಟು ನೀರು ಕುಡಿದೀತು?

ಇದನ್ನು ಯಾರು ಬೇಕಾದರೂ ತಮ್ಮ ಜಾಗದಲ್ಲೇ ನೋಡಬಹುದು. ಎರಡು ಸಾದಾ ಥರ್ಮಾಮೀಟರ್ ತನ್ನಿ. ಒಂದರ ಬುಡಕ್ಕೆ ಹತ್ತಿ ಬಟ್ಟೆ ಸುತ್ತಿ ಒದ್ದೆ ಮಾಡಿ. ನೆರಳಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಐದು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಿ. ಒಣ ಥರ್ಮಾಮೀಟರ್ 32 ತೋರಿಸಿ ಒದ್ದೆಯದ್ದು 29ರಲ್ಲೇ ನಿಂತರೆ ವ್ಯತ್ಯಾಸ ಮೂರೇ ಡಿಗ್ರಿ. ಪ್ಯಾಡ್ ಆ ಮೂರನ್ನೂ ಪೂರ್ತಿ ಕೊಡುವುದಿಲ್ಲ, ಅದರ ಶೇ 80 ಕೊಟ್ಟರೆ ದೊಡ್ಡದು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದಿಷ್ಟು ದಿನ ಬರೆದಿಟ್ಟುಕೊಳ್ಳಿ. ಲಕ್ಷಾಂತರ ರೂಪಾಯಿ ಹೂಡುವ ಮೊದಲು ಈ ಒದ್ದೆ ಬಟ್ಟೆಯ ಲೆಕ್ಕ ಕೈಯಲ್ಲಿರಬೇಕು.

ಇನ್ನು ಖರ್ಚು. ಹತ್ತು ಗುಂಟೆ, ಅಂದರೆ ಸುಮಾರು 1000 ಚದರ ಮೀಟರ್ ಪಾಲಿಹೌಸ್‌ನ ಗಾಳಿಯನ್ನು ನಿಮಿಷಕ್ಕೊಮ್ಮೆ ಬದಲಿಸಲು 48 ಇಂಚಿನ ಏಳು ಫ್ಯಾನ್ ಬೇಕು. ಒಂದೊಂದು ಒಂದು ಎಚ್‌ಪಿ. ಗಂಟೆಗೆ ಮುಕ್ಕಾಲು ಯೂನಿಟ್ ಎಂದು ಕಡಿಮೆಯಲ್ಲೇ ಹಿಡಿದರೂ, ದಿನಕ್ಕೆ ಎಂಟು ಗಂಟೆ ಓಡಿದರೆ 42 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ ಹತ್ತಿರ ಹತ್ತಿರ 9000 ರೂಪಾಯಿ. ಅದರಿಂದ ಸಿಗುವುದು ಎರಡೂವರೆ ಡಿಗ್ರಿ. ಜೊತೆಗೆ ಒಳಗಿನ ತೇವ ಇನ್ನೂ ಏರುತ್ತದೆ. ಅಂಗಮಾರಿ, ಬೂಸ್ಟು ಎರಡಕ್ಕೂ ಅದು ಹಬ್ಬ. ತುಂಬ ತೇವದಲ್ಲಿ ಗಿಡ ಬೆವರುವುದು ಕಡಿಮೆಯಾಗಿ ಕ್ಯಾಲ್ಸಿಯಂ ಮೇಲೇರುವುದಿಲ್ಲ, ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ನೀರನ್ನು ಮಂಜಿನಂತೆ ಸಿಂಪಡಿಸುವ ಫಾಗರ್ ಕಥೆಯೂ ಇದೇ. ಕರಾವಳಿಗೆ ಫ್ಯಾನ್-ಪ್ಯಾಡ್ ಬೇಡ ಎಂದು ಸ್ಪಷ್ಟವಾಗಿ ಹೇಳಬೇಕು. ಸಹಾಯಧನ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಹಾಕಿಸಿಕೊಂಡರೆ, ಸಹಾಯಧನ ಒಮ್ಮೆ ಬರುತ್ತದೆ, ಬಿಲ್ ಪ್ರತಿ ತಿಂಗಳೂ ಬರುತ್ತದೆ.

ಈಗಾಗಲೇ ಫ್ಯಾನ್ ಹಾಕಿಸಿದವರು ಏನು ಮಾಡಬೇಕು? ವೇಗ ತಗ್ಗಿಸಬೇಕು. ಫ್ಯಾನಿನ ವೇಗವನ್ನು ಶೇ 80ಕ್ಕೆ ಇಳಿಸಿದರೆ ಅದು ತಿನ್ನುವ ಕರೆಂಟ್ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ವೇಗ ಬದಲಿಸುವ ಡ್ರೈವ್ ಇದ್ದರೆ ಏಳನ್ನೂ ನಿಧಾನ ಓಡಿಸುವುದು ಲಾಭ. ಇಲ್ಲದಿದ್ದರೆ ಬಿಸಿಗೆ ತಕ್ಕಂತೆ ಎರಡು, ನಾಲ್ಕು, ಏಳು ಎಂದು ಹಂತಹಂತವಾಗಿ ಹಚ್ಚಬೇಕು. ಕಡಲ ಉಪ್ಪುಗಾಳಿ ಬೇರಿಂಗ್, ಷಟರ್ ಎಲ್ಲವನ್ನೂ ತುಕ್ಕು ಹಿಡಿಸುತ್ತದೆ. ಅರ್ಧ ತೆರೆದು ನಿಂತ ಷಟರ್ ಎದುರು ಫ್ಯಾನ್ ಸುಮ್ನೆ ಒದ್ದಾಡುತ್ತದೆ.

ಹಾಗಾದರೆ ಇಲ್ಲಿ ತಂಪು ಮಾಡುವವರು ಯಾರು? ಕಡಲಗಾಳಿ. ಮಳೆಗಾಲ ಮುಗಿದ ಮೇಲೆ ಬಹುತೇಕ ದಿನ ಬೆಳಗಿನ ಹೊತ್ತು ಕಳೆಯುತ್ತಿದ್ದಂತೆ ಪಡುವಣದಿಂದ ಗಾಳಿ ಶುರುವಾಗುತ್ತದೆ. ಮನೆ ಅತಿ ಬಿಸಿಯಾಗುವ ಹೊತ್ತೂ ಅದೇ. ನಮ್ಮ ಕರಾವಳಿ ಉತ್ತರ ದಕ್ಷಿಣವಾಗಿ ಚಾಚಿದೆ. ಪಾಲಿಹೌಸನ್ನೂ ಉತ್ತರ ದಕ್ಷಿಣ ಉದ್ದಕ್ಕೆ ನಿಲ್ಲಿಸಿದರೆ ಅದರ ಅಗಲ ಬದಿ ಕಡಲಗಾಳಿಗೆ ಎದೆ ಒಡ್ಡುತ್ತದೆ. ಸಾಲುಗಳಿಗೆ ಬೆಳಕು ಸಮನಾಗಿ ಬೀಳಲೂ ಇದೇ ದಿಕ್ಕು ಸರಿ. ನೆತ್ತಿಯ ಗಾಳಿಕಿಂಡಿ ಪೂರ್ವಕ್ಕೆ ತೆರೆದಿರಬೇಕು. ಪಶ್ಚಿಮದಿಂದ ಬಂದ ಗಾಳಿ ಬದಿಯಿಂದ ಒಳಹೊಕ್ಕು ನೆತ್ತಿಯಿಂದ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಮಳೆಯೂ ಪಶ್ಚಿಮದಿಂದಲೇ ಬರುವುದರಿಂದ ಇರಚಲು ಒಳಗೆ ಬರುವುದಿಲ್ಲ.

ಎತ್ತರ ಮುಖ್ಯ. ನೆತ್ತಿ ಆರೂವರೆ ಮೀಟರ್ ಇದ್ದರೆ ಬಿಸಿ ಗಾಳಿ ಗಿಡದ ತಲೆಯ ಮೇಲೆಯೇ ಇದ್ದು ಹೊರಗೆ ಹೋಗುತ್ತದೆ. ಕೀಟ ತಡೆಯುವ ಸಣ್ಣ ಕಣ್ಣಿನ ಬಲೆ ಗಾಳಿಯ ಓಟವನ್ನೂ ತಡೆಯುತ್ತದೆ, ಅದಕ್ಕೆ ಬದಿಯ ಕಿಂಡಿಯನ್ನು ಇನ್ನಷ್ಟು ದೊಡ್ಡದು ಮಾಡಬೇಕು. ಬಲೆಗೆ ಕೂತ ಧೂಳನ್ನು ಆಗಾಗ ತೊಳೆಯಬೇಕು. ಕೆಂಪು ರಸ್ತೆಯ ಪಕ್ಕದ ಮನೆಗಳಲ್ಲಿ ಫೆಬ್ರವರಿಯ ಹೊತ್ತಿಗೆ ಬಲೆಯೇ ಗೋಡೆಯಾಗಿರುತ್ತದೆ. ನೆರಳು ಬಲೆಯನ್ನು ಒಳಗೆ ಕಟ್ಟಿದರೆ ಬಿಸಿಲು ಒಳಗೆ ಬಂದ ಮೇಲೆ ಬಿಸಿಯಾಗಿ ಅಲ್ಲೇ ಉಳಿಯುತ್ತದೆ. ಹೊರಗೆ, ಪ್ಲಾಸ್ಟಿಕ್‌ಗಿಂತ ಒಂದು ಮೊಳ ಮೇಲೆ ಕಟ್ಟಿದರೆ ಬಿಸಿ ಹೊರಗೇ ಉಳಿಯುತ್ತದೆ. ಅದನ್ನು ಎಳೆದು ಮಡಚುವಂತಿರಬೇಕು. ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ಸಾಕು. ಬೆಳಕು ಶೇ 1 ಕಡಿಮೆಯಾದರೆ ಇಳುವರಿಯೂ ಶೇ 1 ಕಡಿಮೆ ಎಂಬುದು ಹಾಲೆಂಡ್ ಬೆಳೆಗಾರರ ಹಳೆಯ ಅಂದಾಜು. ದಿನವಿಡೀ ನೆರಳಲ್ಲಿಟ್ಟ ಟೊಮೆಟೊ ಎಲೆ ಬಿಡುತ್ತದೆ, ಹಣ್ಣು ಬಿಡುವುದಿಲ್ಲ.

ಬೆಳಕಿನ ಮಾತು ಬಂದದ್ದರಿಂದ ಮಳೆಗಾಲದ ಆಸೆಯ ಬಗ್ಗೆ ಹೇಳಲೇಬೇಕು. ದರ ಏರುವುದು ಜುಲೈನಲ್ಲಿ. ಹಾಗಾಗಿ ಜುಲೈಗೆ ಹಣ್ಣು ಸಿಗುವಂತೆ ಬೆಳೆಯೋಣ, ಬೆಳಕು ಸಾಲದಿದ್ದರೆ ದೀಪ ಹಾಕೋಣ ಎಂಬುದು ಅನೇಕರ ಲೆಕ್ಕ. ಟೊಮೆಟೊ ಚೆನ್ನಾಗಿ ಹಣ್ಣು ಬಿಡಲು ಚದರ ಮೀಟರ್‌ಗೆ ದಿನಕ್ಕೆ 20ರಿಂದ 30 ಮೋಲ್ ಬೆಳಕು ಬೇಕು. ಮೋಲ್ ಅಂದರೆ ಎಲೆ ಬಳಸಬಲ್ಲ ಬೆಳಕಿನ ಅಳತೆ. ಆಷಾಢದ ಮೋಡದಲ್ಲಿ, ಅದೂ ಪ್ಲಾಸ್ಟಿಕ್ ಕೆಳಗೆ, ಅಷ್ಟು ಸಿಗುವುದಿಲ್ಲ. ಹತ್ತು ಮೋಲ್ ಕೊರತೆ ಎಂದಿಟ್ಟುಕೊಳ್ಳಿ. ಒಳ್ಳೆಯ ಎಲ್‌ಇಡಿ ದೀಪ ಒಂದು ಯೂನಿಟ್ ಕರೆಂಟಿಗೆ ಸುಮಾರು ಹತ್ತು ಮೋಲ್ ಬೆಳಕು ಕೊಡುತ್ತದೆ. ಅಂದರೆ ಚದರ ಮೀಟರ್‌ಗೆ ದಿನಕ್ಕೆ ಒಂದು ಯೂನಿಟ್. ಹತ್ತು ಗುಂಟೆಗೆ ದಿನಕ್ಕೆ 1000 ಯೂನಿಟ್, 7000 ರೂಪಾಯಿ. ದಿನಕ್ಕೆ 100 ಕಿಲೋ ಕೊಯ್ದರೂ ಕಿಲೋಗೆ 70 ರೂಪಾಯಿ ಬರೀ ಬೆಳಕಿನ ಖರ್ಚು. ದೀಪದ ಬೆಲೆ, ಗೊಬ್ಬರ, ಆಳು ಎಲ್ಲ ಇದರ ಮೇಲೆ.

ಸೂರ್ಯ ಸುಮ್ನೆ ಕೊಡುವುದನ್ನು ಕೊಂಡು ಬೆಳೆಯಲು ಆಗುವುದಿಲ್ಲ. ಕರಾವಳಿಯಲ್ಲಿ ಸೆಪ್ಟೆಂಬರ್‌ನಲ್ಲಿ ಸಸಿ ಮಾಡಿ, ಅಕ್ಟೋಬರ್ ನಡುವಿಗೆ ನಾಟಿ ಮಾಡಿದರೆ ವರ್ಷದ ಕೊನೆಗೆ ಮೊದಲ ಕೊಯ್ಲು. ಏಪ್ರಿಲ್ ಮುಗಿಯುವುದರೊಳಗೆ ಬೆಳೆಯೂ ಮುಗಿಯಬೇಕು. ಮೇ ತಿಂಗಳ ಕಾರವಾರದ ರಾತ್ರಿಯಲ್ಲಿ ಹೂವು ನಿಲ್ಲುವಂತೆ ಮಾಡಲು ಏಸಿಯೇ ಬೇಕು. ಅದು ಬೇಡ. ಮಳೆಗಾಲದಲ್ಲಿ ಅದೇ ಮನೆಯಲ್ಲಿ ಕಡಿಮೆ ಬೆಳಕಿಗೆ ಬರುವ ಸೊಪ್ಪು ಬೆಳೆಯಬಹುದು. ಹರಿವೆ, ಬಸಳೆಗೆ ಶ್ರಾವಣದಲ್ಲಿ ನಮ್ಮಲ್ಲಿ ಗಿರಾಕಿ ಇದ್ದೇ ಇದ್ದಾರೆ.

ಫ್ಯಾನ್ ಬಿಟ್ಟರೆ ಕರೆಂಟ್ ತಿನ್ನುವುದು ಪಂಪ್. ಇಲ್ಲಿನ ಲೆಕ್ಕ ನೋಡಿದರೆ ಆಶ್ಚರ್ಯ ಆಗುತ್ತದೆ. ಹತ್ತು ಗುಂಟೆಯ ಟೊಮೆಟೊಗೆ ಬಿಸಿಲ ದಿನದಲ್ಲಿ 4000 ಲೀಟರ್ ನೀರು ಬೇಕು ಎಂದಿಟ್ಟುಕೊಳ್ಳೋಣ. 4000 ಲೀಟರ್ ನೀರನ್ನು 10 ಮೀಟರ್ ಎತ್ತರಕ್ಕೆ ಏರಿಸಲು, ಸುಮಾರಾದ ಪಂಪಿಗೂ ಕಾಲು ಯೂನಿಟ್ ಚಿಲ್ಲರೆ ಸಾಕು. ಆದರೆ ಪೈಪಿನಲ್ಲಿ ಸದಾ ನೀರು ಹರಿಯುತ್ತಿರಬೇಕಾದ ಎನ್‌ಎಫ್‌ಟಿ ಮಾದರಿಯಲ್ಲಿ ಒಂದು ಎಚ್‌ಪಿ ಪಂಪ್ ಹಗಲು ರಾತ್ರಿ ಓಡಿದರೆ 18 ಯೂನಿಟ್. ಗಿಡ ಕುಡಿಯುವ ನೀರು ಎರಡರಲ್ಲೂ ಅಷ್ಟೇ. ಅದರ ಮೇಲೆ, ಎನ್‌ಎಫ್‌ಟಿಯಲ್ಲಿ ಬೇರಿಗೆ ಆಸರೆಯಾಗಿ ಒಂದು ಹಿಡಿ ಮಣ್ಣೂ ಇಲ್ಲ. ಮಾವಿನ ಕೊಂಬೆ ತಂತಿ ಮೇಲೆ ಬಿದ್ದು ಮಧ್ಯಾಹ್ನ ಕರೆಂಟ್ ಹೋದರೆ ಗಿಡ ಬೇಗನೆ ಬಾಡುತ್ತದೆ. ನಮ್ಮ ಜಿಲ್ಲೆಯಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗ ಎಂದು ಹೇಳಲಾಗದು. ಆಗ ಡೀಸೆಲ್ ಜನರೇಟರ್. ಒಂದು ಲೀಟರ್ ಡೀಸೆಲ್‌ಗೆ ಮೂರು, ಮೂರೂವರೆ ಯೂನಿಟ್ ಅಷ್ಟೇ. ಯೂನಿಟ್‌ಗೆ 25 ರೂಪಾಯಿಗೂ ಮೇಲೆ ಬೀಳುತ್ತದೆ.

ಕೊಕೊಪೀಟ್, ಅಂದರೆ ತೆಂಗಿನ ಸಿಪ್ಪೆಯ ಪುಡಿ, ತುಂಬಿದ ಗ್ರೋ ಬ್ಯಾಗ್ ಇದಕ್ಕಿಂತ ಎಷ್ಟೋ ಮೇಲು. ಡ್ರಿಪ್ ದಿನಕ್ಕೆ ಹಲವು ಸಲ ಕೆಲವೇ ನಿಮಿಷ ಓಡಿದರೆ ಸಾಕು. ಕೊಕೊಪೀಟ್ ನೀರು ಹಿಡಿದಿಟ್ಟುಕೊಳ್ಳುವುದರಿಂದ ಕೆಲವು ಗಂಟೆ ಕರೆಂಟ್ ಇಲ್ಲದಿದ್ದರೂ ಗಿಡ ತಡೆಯುತ್ತದೆ. ಯುರೋಪಿನಲ್ಲಿ ಇದರ ಬದಲು ಬಳಸುವ ರಾಕ್‌ವುಲ್ ಮಾಡಲು ಕಲ್ಲನ್ನು 1500 ಡಿಗ್ರಿಯ ಆಸುಪಾಸಿನಲ್ಲಿ ಕರಗಿಸಬೇಕು. ನಮಗೆ ತೆಂಗಿನ ಸಿಪ್ಪೆ ಹಿತ್ತಲಲ್ಲೇ ಇದೆ. ಒಂದು ಎಚ್ಚರ ಮಾತ್ರ ಬೇಕು. ಹಿನ್ನೀರಿನ ಉಪ್ಪು ನೀರಲ್ಲಿ ನೆನೆಸಿದ ಸಿಪ್ಪೆಯ ಪುಡಿಯಲ್ಲಿ ಸೋಡಿಯಂ ಜಾಸ್ತಿ. ಸಿಹಿ ನೀರಲ್ಲಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್‌ನಲ್ಲಿ ನೆನೆಸಿ, ಮತ್ತೆ ತೊಳೆದ ಮೇಲೇ ಬಳಸಬೇಕು.

ಎಷ್ಟೋ ತೋಟಗಳ ಪಂಪ್‌ಹೌಸ್‌ನಲ್ಲಿ ಒಂದೇ ಚಿತ್ರ. ‘ಇರಲಿ ಅಂತ’ ಹಾಕಿಸಿದ ಮೂರು ಎಚ್‌ಪಿ ಪಂಪ್. ಡ್ರಿಪ್ ಪೈಪ್ ಕಿತ್ತು ಹಾರುತ್ತದೆ ಎಂದು ಗೇಟ್ ವಾಲ್ವನ್ನು ಮುಕ್ಕಾಲು ಮುಚ್ಚಿರುತ್ತಾರೆ. ಪ್ರೆಷರ್ ಗೇಜಿನ ಮುಳ್ಳು ವಾಲ್ವ್‌ನ ಈಚೆ ಮೂರು ಕಿಲೋ ಒತ್ತಡ, ಆಚೆ ಒಂದು ಕಿಲೋ. ನಡುವಿನ ಎರಡು ಕಿಲೋ ಪೂರ್ತಿ ವಾಲ್ವ್‌ನಲ್ಲೇ ಬಿಸಿಯಾಗಿ ಹೋಗುತ್ತದೆ. ಅದಕ್ಕೂ ಮೀಟರ್ ತಿರುಗುತ್ತದೆ. ಕೆಲಸಕ್ಕೆ ತಕ್ಕ ಸಣ್ಣ ಪಂಪ್, ದಪ್ಪ ಪೈಪ್, ಇದಿಷ್ಟೇ ಮದ್ದು. ಅದೇ ನೀರು ಒಂದು ಇಂಚಿನ ಬದಲು ಒಂದೂವರೆ ಇಂಚಿನ ಪೈಪಿನಲ್ಲಿ ಹರಿದರೆ ತಿಕ್ಕಾಟದ ನಷ್ಟ ಏಳನೇ ಒಂದು ಭಾಗಕ್ಕಿಂತ ಕಡಿಮೆ ಆಗುತ್ತದೆ. ಪೈಪಿಗೆ ಹೆಚ್ಚುವರಿ ಕೊಟ್ಟ ದುಡ್ಡು ಒಮ್ಮೆಯ ಖರ್ಚು. ವೋಲ್ಟೇಜ್ ಕಡಿಮೆ ಇರುವ ಹಳ್ಳಿಗಳಲ್ಲಿ ದೊಡ್ಡ ಮೋಟಾರ್ ಬಿಸಿಯಾಗಿ ಸುಡುವುದೂ ಜಾಸ್ತಿ.

ಗೊಬ್ಬರದ ನೀರಿನ ಟ್ಯಾಂಕನ್ನು ಬಿಸಿಲಿಗೆ ಇಡಬೇಡಿ. ನೀರು 20 ಡಿಗ್ರಿ ಇದ್ದಾಗ ಲೀಟರ್‌ಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಗೆ ಏಳೂವರೆ. ಬಿಸಿ ನೀರಲ್ಲಿ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಆಮೇಲೆ ಚಿಲ್ಲರ್ ತರುತ್ತಾರೆ. 1000 ಲೀಟರ್ ನೀರನ್ನು ಐದು ಡಿಗ್ರಿ ತಣಿಸಲು ಎರಡು ಯೂನಿಟ್. ಅದೇ ಟ್ಯಾಂಕನ್ನು ನೆಲದಲ್ಲಿ ಹೂತು, ಮೇಲೆ ಸೋಗೆ ಚಪ್ಪರ ಹಾಕಿದರೆ ನೀರು ಬಿಸಿಯೇ ಆಗುವುದಿಲ್ಲ. ಚಿರೆಕಲ್ಲಿನ ಬಾವಿ ನೀರು ಏಪ್ರಿಲ್‌ನಲ್ಲೂ ತಣ್ಣಗಿರುವುದು ನಮಗೆಲ್ಲ ಗೊತ್ತಲ್ವಾ?

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಡಲು ಸೇರುವ ಕಡೆಯ ಊರುಗಳಲ್ಲಿ ಬೇಸಿಗೆಗೆ ಬಾವಿ ಉಪ್ಪಾಗುತ್ತದೆ. ಉಪ್ಪು ಸೋಸುವ ಆರ್‌ಒ ಯಂತ್ರ ಹಾಕಿದರೆ 1000 ಲೀಟರ್‌ಗೆ ಒಂದೆರಡು ಯೂನಿಟ್ ಹೋಗುತ್ತದೆ, ಜೊತೆಗೆ ಉಪ್ಪಿನ ನೀರು ಎಲ್ಲಿಗೆ ಬಿಡುವುದು ಎಂಬ ತಲೆನೋವು. ಅದರ ಬದಲು ಪಾಲಿಹೌಸ್ ಮಾಡನ್ನೇ ನೋಡಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಹತ್ತು ಗುಂಟೆ ಮಾಡಿನ ಮೇಲೆ ಬೀಳುವುದು 30 ಲಕ್ಷ ಲೀಟರ್. ಬೆಳೆಗೆ ಇಡೀ ಹಂಗಾಮಿನಲ್ಲಿ ಬೇಕಾದದ್ದು 8 ಲಕ್ಷ ಲೀಟರ್. ಜನವರಿವರೆಗೆ ಬಾವಿ ನೀರು ಸಿಹಿಯಾಗಿ ಸಿಗುವಲ್ಲಿ ಅದರ ಅರ್ಧ ಹಿಡಿಯುವ ಹೊಂಡ ಸಾಕು. ಮಳೆ ನೀರಿನಲ್ಲಿ ಲವಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹೈಡ್ರೋಪೋನಿಕ್ಸ್‌ಗೆ ಇದಕ್ಕಿಂತ ಒಳ್ಳೆಯ ನೀರು ಕೊಂಡರೂ ಸಿಗದು.

ಘಟ್ಟದ ಮೇಲೆ ಲೆಕ್ಕ ಇನ್ನೂ ಹಗುರ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಳಿಗಾಲದ ರಾತ್ರಿ ಟೊಮೆಟೊಗೆ ಹೇಳಿ ಮಾಡಿಸಿದಂತಿರುತ್ತದೆ. ಅಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ತಂಪು ಮಾಡುವ ಯಂತ್ರವೇ ಬೇಡ. ತೀರಾ ಚಳಿ ಇದ್ದ ದಿನ ಸಂಜೆ ನಾಲ್ಕಕ್ಕೇ ಬದಿಯ ಪರದೆ ಇಳಿಸಿದರೆ ಹಗಲಿನ ಬಿಸಿ ರಾತ್ರಿಗೆ ಸ್ವಲ್ಪ ಉಳಿಯುತ್ತದೆ. ಬೆಳಗ್ಗೆ ಇಬ್ಬನಿ ಒಳಗೇ ತೊಟ್ಟಿಕ್ಕದಂತೆ ನೆತ್ತಿಯ ಕಿಂಡಿಯನ್ನು ಬೇಗ ತೆರೆಯಬೇಕು. ಬೆಟ್ಟದ ಅಬ್ಬಿ ನೀರನ್ನು ದಬ್ಬೆಯಲ್ಲಿ ಮನೆ ಅಂಗಳಕ್ಕೆ ಇಳಿಸಿಕೊಂಡ ಊರು ಅದು. ಹತ್ತು ಮೀಟರ್ ಮೇಲೆ ಟ್ಯಾಂಕ್ ಕೂರಿಸುವ ಜಾಗವಿದ್ದರೆ ಡ್ರಿಪ್‌ಗೆ ಬೇಕಾದ ಒತ್ತಡ ಗುಡ್ಡವೇ ಕೊಡುತ್ತದೆ. ಪಂಪ್ ಇಲ್ಲದೆ ಹೈಡ್ರೋಪೋನಿಕ್ಸ್ ನಡೆಸಲು ಆಗುವ ಅಪರೂಪದ ಜಾಗ ನಮ್ಮದು.

ಸೋಲಾರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು ಕೊಡುತ್ತದೆ, ಮಳೆಗಾಲದಲ್ಲಿ ತೀರಾ ಇಳಿಯುತ್ತದೆ. ಬೆಳೆ ಇರುವುದು ಬಿಸಿಲ ತಿಂಗಳಲ್ಲಿ, ಹಾಗಾಗಿ ಜೋಡಿ ಚೆನ್ನಾಗಿದೆ. ಆದರೆ ಮೊದಲು ಖರ್ಚು ಇಳಿಸಿ, ಆಮೇಲೆ ಪ್ಯಾನೆಲ್ ಅಳೆಯಿರಿ. ಫ್ಯಾನ್ ಇಲ್ಲದ, ಗ್ರೋ ಬ್ಯಾಗಿನ ಮನೆಗೆ ಒಂದು ಕಿಲೋವ್ಯಾಟ್ ಧಾರಾಳ. ಏಳು ಫ್ಯಾನ್ ಇರುವ ಮನೆಗೆ ಹತ್ತು ಕಿಲೋವ್ಯಾಟ್ ಹಾಕಿದರೂ ಪಂಪಿಗೆ ಏನೂ ಉಳಿಯುವುದಿಲ್ಲ.

ಯೂನಿಟ್ ಉಳಿಸುವ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಬೇರೆಯೇ ತೂಕ ಇದೆ. ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಅಣು ವಿದ್ಯುತ್ ಘಟಕ. ತಲಾ 700 ಮೆಗಾವ್ಯಾಟ್‌ನ ಇನ್ನೆರಡಕ್ಕೆ 2017ರಲ್ಲಿ ಒಪ್ಪಿಗೆ ಸಿಕ್ಕಿದೆ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು, ಶರಾವತಿಗೆ ಗೇರುಸೊಪ್ಪ. ಈಗ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಭೂಗತ ವಿದ್ಯುತ್ ಯೋಜನೆಯ ಜಗಳ. ರಾಜ್ಯದ ಬೆಳಕಿಗಾಗಿ ಕಾಡು, ಮನೆ, ಗದ್ದೆ ಮುಳುಗಿಸಿಕೊಂಡವರು ನಾವು. ಕರೆಂಟಿನ ಬೇಡಿಕೆ ಏರಿದಾಗಲೆಲ್ಲ ಮೊದಲು ನಕ್ಷೆಯಲ್ಲಿ ಹುಡುಕುವುದು ನಮ್ಮ ಕಣಿವೆಗಳನ್ನೇ. ಇಂಥ ಕಡೆ ಎರಡೂವರೆ ಡಿಗ್ರಿಗಾಗಿ ದಿನಕ್ಕೆ 42 ಯೂನಿಟ್ ಸುಡುವುದನ್ನು ನೋಡಿದರೆ ಸಂಕಟ ಆಗುತ್ತದೆ.

ಇನ್ನೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ನಿಮ್ಮ ತೊಂದರೆ ಬರೀ ಸೊರಗು ರೋಗವೇ? ಹಾಗಿದ್ದರೆ ಹೈಡ್ರೋಪೋನಿಕ್ಸ್ ಬೇಡದೆಯೂ ಇರಬಹುದು. ಸುಂಡೆ ಅಥವಾ ಬದನೆ ಬೇರಿಗೆ ಕಸಿ ಮಾಡಿದ ಟೊಮೆಟೊ ಸಸಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೂ ಈ ಗುಣ ಇದೆ. ಮಾಡು ಮಾತ್ರ ಇರುವ ಸಾದಾ ಮಳೆಮನೆಯಲ್ಲಿ, ಮಣ್ಣಿನಲ್ಲೇ, ಹನಿ ನೀರಿನಲ್ಲಿ ಇವನ್ನು ಬೆಳೆದರೆ ಇಳುವರಿ ಕಡಿಮೆ, ಆದರೆ ಕರೆಂಟ್ ಹೆಚ್ಚುಕಡಿಮೆ ಸೊನ್ನೆ. ಎರಡನ್ನೂ ಪಕ್ಕಪಕ್ಕ ಬೆಳೆದು, ಮೀಟರ್ ಕಟ್ಟಿ, ಕಿಲೋಗೆ ಎಷ್ಟು ಯೂನಿಟ್ ಎಂದು ಬರೆದಿಡುವ ಕೆಲಸ ಶಿರಸಿಯ ತೋಟಗಾರಿಕೆ ಕಾಲೇಜಿನಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಆಗಬೇಕು. ಒಂದು ಪ್ರಯೋಗ ಘಟ್ಟದ ಮೇಲೆ, ಒಂದು ಕರಾವಳಿಯಲ್ಲಿ. ಅಲ್ಲಿವರೆಗೆ ಬೆಳೆಗಾರರು ಪಂಪಿಗೊಂದು, ಫ್ಯಾನಿಗೊಂದು ಸಬ್‌ಮೀಟರ್ ಹಾಕಿಸಿಕೊಳ್ಳಲಿ. ಕೊಯ್ಲಿನ ಪುಸ್ತಕದಲ್ಲಿ ಕಿಲೋ ಬರೆಯುವ ಕಾಲಮ್ಮಿನ ಪಕ್ಕ ಯೂನಿಟ್‌ಗೂ ಒಂದು ಕಾಲಂ ಇರಲಿ. ಮುಂದಿನ ಹಂಗಾಮಿಗೆ ಯಾವ ಯಂತ್ರ ಬೇಕು, ಯಾವುದು ಬೇಡ ಎಂಬುದು ಆ ಎರಡು ಕಾಲಂ ನೋಡಿದರೆ ತಿಳಿಯುತ್ತದೆ.